ಕಾಯುವ ಬಾಣ

ಮಲ್ಲಪ್ಪನ ಎಡಗೈಯಲ್ಲಿ ಕೆಲವು ದಿನ ಒಂದು ಗಡಿಯಾರ ಇರುತ್ತಿತ್ತು, ಕೆಲವು ದಿನ ಎರಡು, ಒಮ್ಮೊಮ್ಮೆ ನಾಲ್ಕು. ಅವುಗಳಲ್ಲಿ ಒಂದು ಮಾತ್ರ ಅವನದು, ನಾಂಪಲ್ಲಿಯ ನುಮಾಯಿಷ್ ವಸ್ತುಪ್ರದರ್ಶನದಲ್ಲಿ ಹೆಂಡತಿ ವಿಶಾಲಾಕ್ಷಿ ಚೌಕಾಸಿ ಮಾಡಿ ಕೊಡಿಸಿದ್ದು. ಉಳಿದವು ಪರರ ಸ್ವತ್ತು. ಹೊಸದಾಗಿ ಕೆಲಸಕ್ಕೆ ಸೇರಿದವರು ಇದನ್ನು ಕಂಡು ಮುಸಿಮುಸಿ ನಗುತ್ತಿದ್ದರು, ಈ ಮನುಷ್ಯನಿಗೆ ಎಲ್ಲೋ ಒಂದು ನಟ್ಟು ಸಡಿಲ ಎಂದು. ವಾರ ಕಳೆಯುವುದರೊಳಗೆ ಅವರೂ ತಮ್ಮ ಗಡಿಯಾರ ಬಿಚ್ಚಿ ಅವನ ಕೈಗೆ ಕೊಡುತ್ತಿದ್ದರು.

ಹೈದರಾಬಾದಿನ ಜೀಡಿಮೆಟ್ಲಾದ ಒಂದು ಔಷಧಿ ಕಾರ್ಖಾನೆಯಲ್ಲಿ ಮಲ್ಲಪ್ಪ ಪ್ಯಾನಲ್ ಆಪರೇಟರ್. ಅಲ್ಲಿ ಆರು ರಿಯಾಕ್ಟರುಗಳಿವೆ, ಅಂದರೆ ಮನೆಯೆತ್ತರದ ಆರು ಉಕ್ಕಿನ ಹಂಡೆಗಳು. ಪ್ರತಿಯೊಂದರ ಹೊಟ್ಟೆಯಲ್ಲೂ ಕಡೆಗೋಲಿನಂಥ ದಪ್ಪ ರೆಕ್ಕೆ. ಆ ರೆಕ್ಕೆಗಳನ್ನು ತಿರುಗಿಸುವ, ನಿಲ್ಲಿಸುವ ಗುಂಡಿಗಳೆಲ್ಲ ಪ್ಯಾನಲ್ ರೂಮಿನಲ್ಲಿ, ಅವನ ಮುಂದೆ. ಹಂಡೆ ತೊಳೆಯಲು, ರಿಪೇರಿ ಮಾಡಲು ಫಿಟ್ಟರುಗಳು ಮೇಲಿನ ಬಾಯಿಂದ ಒಳಗೆ ಇಳಿಯುತ್ತಾರೆ. ಆಗ ಇಲ್ಲಿ ಯಾರಾದರೂ ಗುಂಡಿ ಒತ್ತಿದರೆ ಏನಾಗುತ್ತದೆಂದು ಬಿಡಿಸಿ ಹೇಳುವುದು ಬೇಡ.

ಇದಕ್ಕೆ ಬರೆದಿಟ್ಟ ನಿಯಮಗಳಿದ್ದವು. ಕಾಗದದ ಪರವಾನಗಿ, ಸಹಿ, ಮೇನ್ ಸ್ವಿಚ್ಚಿಗೆ ಬೀಗ. ಬರೆಯದ ನಿಯಮ ಒಂದೇ ಒಂದು. ಕಿಡಿ ಹಾರೀತೆಂದು ಇಳಿಯುವವನು ಮೈಮೇಲಿನ ಲೋಹವನ್ನೆಲ್ಲ ತೆಗೆದಿಡಬೇಕು. ಹಾಗೆ ಬಿಚ್ಚಿದ ಗಡಿಯಾರವನ್ನು ತಂದು ಪ್ಯಾನಲ್ ಆಪರೇಟರನಿಗೆ ಕೊಡಬೇಕು, ಆಪರೇಟರ್ ಅದನ್ನು ಕೊಟ್ಟವನ ಎದುರಿಗೇ ಕಟ್ಟಿಕೊಳ್ಳಬೇಕು. ಅದು ಕೈಮೇಲಿರುವವರೆಗೆ ಆ ಹಂಡೆಯ ಗುಂಡಿ ಮುಟ್ಟುವಂತಿಲ್ಲ. ಪಾಳಿ ಮುಗಿದರೆ ಗಡಿಯಾರ ಮುಂದಿನ ಆಪರೇಟರನ ಕೈಗೆ ಹೋಗುತ್ತದೆ. ಕೊಟ್ಟವನೇ ಬಂದು ಕೇಳಿದಾಗ ಮಾತ್ರ ಬಿಚ್ಚುವುದು.

"ಬೀಗಕ್ಕ ಎರಡನೇ ಕೀಲಿ ಇರ್ತೈತಿ," ಎನ್ನುತ್ತಿದ್ದ ಮಲ್ಲಪ್ಪ. "ಗಡಿಯಾರಕ್ಕ ಇಲ್ಲ."

ಹುಮನಾಬಾದಿನಿಂದ ಬಂದು ಈ ಕಾರ್ಖಾನೆ ಸೇರಿದಾಗ ಅವನಿಗೆ ಇಪ್ಪತ್ತೇಳು. ಈಗ ಐವತ್ತೆಂಟು, ಜೂನ್ ಕೊನೆಗೆ ನಿವೃತ್ತಿ. ನಿವೃತ್ತಿಗೆ ಆರು ತಿಂಗಳಿರುವಾಗ ಕಾರ್ಖಾನೆಯವರು ಕಾಗದದ ಪರವಾನಗಿ ಬಿಟ್ಟು ಎಲ್ಲವನ್ನೂ ಕಂಪ್ಯೂಟರಿಗೆ ಹಾಕಲು ಹೊರಟರು. ಅಂದರೆ ಜುಲೈಯಿಂದ ಮಲ್ಲಪ್ಪನೂ ಇರುವುದಿಲ್ಲ, ಹಳೆಯ ಪದ್ಧತಿಯೂ ಇರುವುದಿಲ್ಲ, ಕಂಪ್ಯೂಟರ್ ಹೇಳಿದ್ದೇ ನಿಯಮ. ಹಂಡೆಯೊಳಗಿನ ಮನುಷ್ಯ ಬದುಕುವುದು ಬಿಡುವುದು ಆ ಕಂಪ್ಯೂಟರಿಗೆ ಏನು ಕಲಿಸುತ್ತಾರೆ ಎಂಬುದರ ಮೇಲೆ ನಿಂತಿತ್ತು. ಆದರೆ ಜನವರಿಯಲ್ಲಿ ಯಾರೂ ಹಾಗೆ ಯೋಚಿಸಲಿಲ್ಲ. ಮಲ್ಲಪ್ಪ ಕೂಡ ಇಲ್ಲ.

ಕಲಿಸಲು ಬಂದವಳು ಲಹರಿ, ಸಾಫ್ಟ್‌ವೇರ್ ಕಂಪನಿಯ ಹುಡುಗಿ. ಹಾಸನದ ಕಡೆಯವರ ಮಗಳು. ತಂದೆ ರಕ್ಷಣಾ ಇಲಾಖೆಯ ನೌಕರಿಯಲ್ಲಿದ್ದುದರಿಂದ ಹುಟ್ಟಿ ಬೆಳೆದದ್ದೆಲ್ಲ ಹೈದರಾಬಾದಿನಲ್ಲೇ. ಪ್ಯಾನಲ್ ರೂಮಿನ ಗೋಡೆಗೆ ದೊಡ್ಡ ಖಾಕಿ ಕಾಗದ ಅಂಟಿಸಿ, ಮೇಲೆ ಸಾಲಾಗಿ ನಾಲ್ಕು ಚೌಕ ಬರೆದಳು: ಫಿಟ್ಟರ್, ಟ್ಯಾಬ್, ಪ್ಯಾನಲ್, ರಿಯಾಕ್ಟರ್. ಪ್ರತಿ ಚೌಕದಿಂದ ಕೆಳಕ್ಕೆ ಒಂದು ಚುಕ್ಕೆಗೆರೆ. ಆಮೇಲೆ ಗೆರೆಯಿಂದ ಗೆರೆಗೆ ಅಡ್ಡಡ್ಡ ಬಾಣ ಎಳೆಯತೊಡಗಿದಳು. ಮಲ್ಲಪ್ಪ ಮೂರು ದಿನ ಸುಮ್ಮನಿದ್ದ. ಅವನ ಕುತೂಹಲಕ್ಕೆ ಮೂರು ದಿನವೇ ಹೆಚ್ಚು.

"ಮೇಡಂ, ಒಂದು ಮಾತು ಕೇಳ್ಲೇನ್ರಿ? ಈ ಬಾಣದ ತಲಿ ಕಪ್ಪಗ ತುಂಬೈತಿ. ಇದಕ್ಕ ಬರೇ ಎರಡು ಗೀಟು. ಮಸಿ ಮುಗೀತೇನ್ರಿ?"

ಲಹರಿ ನಕ್ಕಳು. ಆದರೆ ಕೇಳಿದವನು ತಮಾಷೆಗೆ ಕೇಳಿಲ್ಲವೆಂದು ತಿಳಿದು ಪೆನ್ನು ಕೆಳಗಿಟ್ಟಳು. "ಇವೆಲ್ಲ ಸಂದೇಶಗಳು, ಅಂಕಲ್. ಒಬ್ಬರು ಇನ್ನೊಬ್ಬರಿಗೆ ಕಳಿಸೋದು. ಮೇಲಿಂದ ಕೆಳಗೆ ಕಾಲ ಸಾಗುತ್ತೆ ಅಂತ ಲೆಕ್ಕ. ತಲೆ ತುಂಬಿದ ಬಾಣ ಅಂದ್ರೆ, ಕಳಿಸಿದವನು ಉತ್ತರ ಬರೋವರೆಗೂ ಅಲ್ಲೇ ನಿಂತು ಕಾಯ್ತಾನೆ. ತೆರೆದ ತಲೆ ಅಂದ್ರೆ, ಕಳಿಸಿ ತನ್ನ ಪಾಡಿಗೆ ತಾನು ಹೋಗ್ತಾನೆ."

"ಮತ್ತ ಈ ಮುರುಕು ಗೆರಿ?"

"ಅದು ಉತ್ತರ. ಕಾಯ್ತಾ ನಿಂತವನಿಗೆ ವಾಪಸ್ ಬರೋದು."

ಅಷ್ಟು ಸಾಕಾಯಿತು. ಅಂದಿನಿಂದ ಮಲ್ಲಪ್ಪನಿಗೆ ಲೋಕವೆಲ್ಲ ಬಾಣಮಯ. ಗುಂಡಿ ಒತ್ತಿದಾಗ ಕೂಗುವ ಭೋಂಗಾ? ಅದು ತೆರೆದ ತಲೆಯದು, ಕೂಗಿ ಸುಮ್ಮನಾಗುತ್ತದೆ, ಯಾರು ಕೇಳಿದರು ಎಂದು ನೋಡುವುದಿಲ್ಲ. ತಾನು ಒತ್ತಡದ ಅಂಕಿಯನ್ನು ಮೂರು ಸಲ ಗೊಣಗಿಕೊಂಡು ಬರೆಯುವುದು? ಅದಕ್ಕೂ ಬಾಣವಿದೆ ಎಂದಳು ಲಹರಿ, ಗೆರೆಯಿಂದ ಹೊರಟು ಸುತ್ತಿ ಅದೇ ಗೆರೆಗೆ ಮರಳುತ್ತದೆ, ತನಗೆ ತಾನೇ ಹೇಳಿಕೊಳ್ಳುವ ಸಂದೇಶ. ಎಲ್ಲಿಂದಲೋ ತೇಲಿ ಬಂದ ವಾಸನೆಗೆ ಗ್ಯಾಸಿನ ಅಲಾರಂ ಹೊಡೆದರೆ? ಕಳಿಸಿದವನು ಯಾರೋ ಗೊತ್ತಿಲ್ಲವಾದರೆ ಬಾಣ ಒಂದು ಕಪ್ಪು ಬೊಟ್ಟಿನಿಂದ ಶುರುವಾಗುತ್ತದೆ. ಮತ್ತೆ ಹೊರಟದ್ದು ಯಾರಿಗೂ ಮುಟ್ಟದಿದ್ದರೆ ಬಾಣವೇ ಕಪ್ಪು ಬೊಟ್ಟಿನಲ್ಲಿ ಮುಗಿಯುತ್ತದೆ.

"ಹಂಗಾರ ಪ್ಯಾನಲ್ ರೂಮಿಗೆ ಫ್ಯಾನ್ ಬೇಕಂತ ನಾ ಬರದ ಅರ್ಜಿ ಆ ಬೊಟ್ಟಿನ್ಯಾಗ ಬಿದ್ದೈತಿ," ಎಂದ ಮಲ್ಲಪ್ಪ. ಏಳು ವರ್ಷದ ಹಿಂದಿನ ಅರ್ಜಿ ಅದು.

ಮನೆಯಲ್ಲೂ ಇದೇ. ಹಳೆಯ ಕ್ಯಾಲೆಂಡರಿನ ಹಾಳೆ ತಿರುವಿ ಎರಡು ಗೆರೆ ಎಳೆದ, ಒಂದು ತಾನು, ಒಂದು ವಿಶಾಲಾಕ್ಷಿ. 'ಬರೋವಾಗ ಕೊತ್ತಂಬರಿ ತರ್ರಿ' ಎನ್ನುವುದು ತೆರೆದ ತಲೆ, ಹೇಳಿ ಒಳಗೆ ಹೋಗಿಬಿಡುತ್ತಾಳೆ. 'ಪಲ್ಯಾ ಏನ್ ಮಾಡ್ಲಿ?' ಎನ್ನುವುದು ತುಂಬಿದ ತಲೆ, ಉತ್ತರ ಸಿಗುವವರೆಗೆ ಬಾಗಿಲಲ್ಲಿ ಸೌಟು ಹಿಡಿದು ನಿಂತೇ ಇರುತ್ತಾಳೆ. ವಿಶಾಲಾಕ್ಷಿ ಬಂದು ಹಾಳೆ ನೋಡಿದಳು.

"ನನ್ನ ಕಡಿಯಿಂದ ಇಷ್ಟು ಬಾಣ ಬಂದಾವ. ನಿಮ್ಮ ಕಡಿಯಿಂದ ಮುರುಕು ಗೆರಿ ಎರಡss ಅದಾವಲ್ರಿ," ಎಂದು ತಿರುಗಿ ಒಳಗೆ ಹೋದಳು.

ಫೆಬ್ರವರಿಯಲ್ಲಿ ಲಹರಿ ಮುಖ್ಯ ಬಾಣಕ್ಕೆ ಬಂದಳು. "ಫಿಟ್ಟರ್ ಒಳಗಿಳಿಯೋ ಮುಂಚೆ ನಿಮಗೆ ತಿಳಿಸ್ತಾನೆ. ಆಗ ನೀವು ಅವನಿಗೆ ಏನು ಹೇಳ್ತೀರಿ, ಅಂಕಲ್?"

"ಏನೂ ಹೇಳಂಗಿಲ್ರಿ."

"ಸರಿ ಅಂತಾದರೂ?"

"ಇಲ್ರಿ. ಅವನೂ ಮಾತಾಡಂಗಿಲ್ಲ, ನಾನೂ ಮಾತಾಡಂಗಿಲ್ಲ."

"ಹಾಗಾದ್ರೆ ಅವನು ನಿಮ್ಮ ಉತ್ತರಕ್ಕೆ ಕಾಯಲ್ಲ."

"ಮಾತss ಇಲ್ಲಂದ ಮ್ಯಾಲೆ ಕಾಯೋದೆಲ್ಲಿ ಬಂತು?"

ಒಂದಕ್ಷರ ಸುಳ್ಳಿಲ್ಲ. ಮೂವತ್ತೊಂದು ವರ್ಷ ಅವನು ಗಡಿಯಾರಗಳನ್ನು ಒಂದು ಮಾತೂ ಆಡದೆ ಕಟ್ಟಿಕೊಂಡಿದ್ದ, ಮಾತಾಡದೆ ಬಿಚ್ಚಿ ಕೊಟ್ಟಿದ್ದ. ಅದು ಅವನ ಪಾಲಿಗೆ ಉಸಿರಾಡಿದ ಹಾಗೆ. ಉಸಿರಾಡುತ್ತೇನೆಂದು ಯಾರಾದರೂ ಬರೆಸುತ್ತಾರೆಯೇ? ಲಹರಿ ಫಿಟ್ಟರನಿಂದ ಪ್ಯಾನಲ್ಲಿಗೆ ತೆರೆದ ತಲೆಯ ಬಾಣ ಎಳೆದು ಮುಂದಕ್ಕೆ ಹೋದಳು.

ಏಪ್ರಿಲ್‌ನಲ್ಲಿ ಪರೀಕ್ಷೆ ನಡೆಯಿತು. ನಾಲ್ಕನೇ ಹಂಡೆ ಖಾಲಿ ಇತ್ತು. ಅದರ ಮೋಟಾರಿನ ಫ್ಯೂಸ್ ತೆಗೆದಿಟ್ಟಿದ್ದರು, ಗುಂಡಿ ಒತ್ತಿದರೂ ರೆಕ್ಕೆ ತಿರುಗುವಂತಿರಲಿಲ್ಲ. ಫಿಟ್ಟರ್ ಶರಣಕುಮಾರ ಟ್ಯಾಬಿನಲ್ಲಿ 'ಒಳಗೆ ಇಳಿಯುತ್ತಿದ್ದೇನೆ' ಎಂಬುದನ್ನು ಒತ್ತಿ, 'ಕಳಿಸಲಾಗಿದೆ' ಎಂದು ಬಂದದ್ದನ್ನು ನೋಡಿ ಇಳಿದ. ಈಗ ಟ್ಯಾಬ್ ಇದೆಯಲ್ಲ ಎಂದು ಗಡಿಯಾರವನ್ನು ಹಂಡೆಯ ಬಾಯಲ್ಲಿ ಕಾವಲಿಗೆ ನಿಂತವನ ಜೇಬಿಗೆ ಹಾಕಿದ. ಪ್ಯಾನಲ್ ರೂಮಿನ ಪರದೆಯ ಮೂಲೆಯಲ್ಲಿ ಸಂದೇಶ ಬಂದು ಕೂತಿತು. ಮಲ್ಲಪ್ಪ ಆಗ ಎರಡನೇ ಹಂಡೆಯ ಬಿಸಿ ನೋಡುತ್ತಿದ್ದ, ಆ ಮೂಲೆಗೆ ಕಣ್ಣು ಹೋಗಲಿಲ್ಲ. ಪರೀಕ್ಷೆಯ ಪ್ರಕಾರ ಮುಂದೆ ತಿರುಗಿಸಬೇಕಾದದ್ದು ನಾಲ್ಕನೆಯದು. ಗುಂಡಿಗೆ ಕೈ ಹಾಕುವ ಮೊದಲು ಅಭ್ಯಾಸದಂತೆ ತೋಳು ನೋಡಿಕೊಂಡ. ಒಂದೇ ಗಡಿಯಾರ, ತನ್ನದು. ಒತ್ತಿದ. ಭೋಂಗಾ ಕೂಗಿತು, ಹಸಿರು ದೀಪ ಹತ್ತಿತು.

ಶರಣಕುಮಾರ ಏಣಿ ಹತ್ತಿ ಬಂದು ಬಾಗಿಲಲ್ಲಿ ನಿಂತ. "ಕಾಕಾ, ನನ್ನ ಕೊಂದ್ರಲ್ರಿ," ಎಂದು ನಕ್ಕ. ಸುತ್ತಲಿದ್ದವರೂ ನಕ್ಕರು.

ಮಲ್ಲಪ್ಪ ನಗಲಿಲ್ಲ. ಸ್ಟೂಲಿನ ಮೇಲೆ ಕೂತ. ಗುಂಡಿ ಒತ್ತಿದ ಕೈಯನ್ನು ತೊಡೆಯ ಕೆಳಗೆ ಅದುಮಿಟ್ಟುಕೊಂಡ. ಅಂದು ಮನೆಯಲ್ಲಿ ಊಟವನ್ನೂ ಸರಿಯಾಗಿ ಮಾಡಲಿಲ್ಲ. ಹೆದರಿಕೆ ಒಂದು ಕಡೆ, ಆದರೆ ಅದಕ್ಕಿಂತ ದೊಡ್ಡದಾಗಿ ಇನ್ನೊಂದು ಕೊರೆಯುತ್ತಿತ್ತು: ತಾನು ತೋಳು ನೋಡಿದ್ದೆ, ಅವನು ತಿಳಿಸಿದ್ದ, ಇಬ್ಬರದೂ ತಪ್ಪಿಲ್ಲ, ಮತ್ತೆ ಇದು ಆದದ್ದು ಹೇಗೆ?

ಮರುದಿನ ಬಂದವನೇ ಲಹರಿಯನ್ನು ಗೋಡೆಯ ಹತ್ತಿರ ಕರೆದ. "ಇದರಾಗ ತೋರಸ್ರಿ. ನಾ ಎಲ್ಲಿ ಕೊಂದೆ?"

ಅವಳ ಬೆರಳು ಮೆಲ್ಲಗೆ ಕೆಳಗಿಳಿದು ಆ ತೆರೆದ ತಲೆಯ ಬಾಣದ ಮೇಲೆ ನಿಂತಿತು. "ಇಲ್ಲಿ. ಅವನು ಕಳಿಸಿದ, ಕಾಯಲಿಲ್ಲ. ಆದರೆ ಅಂಕಲ್, ಕಾಯಲ್ಲ ಅಂತ ನೀವೇ ಹೇಳಿದ್ರಿ."

ಆಗ ಮಲ್ಲಪ್ಪ ಅಂಗಿಯ ತೋಳು ಮೇಲೇರಿಸಿದ. ಅಂದು ಒಂದನೇ ಹಂಡೆಯಲ್ಲಿ ಒಬ್ಬ ಇಳಿದಿದ್ದ, ಅವನ ಗಡಿಯಾರ ತೋಳಿನಲ್ಲಿತ್ತು. ಅದನ್ನು ತೋರಿಸಿ ಮೂವತ್ತೊಂದು ವರ್ಷದ ಪದ್ಧತಿಯನ್ನು ಮೊದಲ ಸಲ ಬಾಯಿಬಿಟ್ಟು ಹೇಳಿದ. ಲಹರಿ ಬಿಟ್ಟ ಕಣ್ಣು ಬಿಟ್ಟಂತೆ ಕೇಳಿದಳು.

"ಇದನ್ನ ಯಾಕೆ ಮೊದಲೇ ಹೇಳಲಿಲ್ಲ?"

"ನೀವು ಏನು ಹೇಳ್ತೀರಿ ಅಂತ ಕೇಳಿದ್ರಿ, ತಾಯಿ. ಏನು ಕಟ್ಕೋತೀರಿ ಅಂತ ಕೇಳ್ಲಿಲ್ಲ."

ಅವಳು ಪೆನ್ನಿನಿಂದ ಬಾಣದ ತಲೆಯನ್ನು ಕಪ್ಪಗೆ ತುಂಬಿದಳು. ಪ್ಯಾನಲ್ಲಿನಿಂದ ಫಿಟ್ಟರನಿಗೆ ಮುರುಕು ಗೆರೆ ಎಳೆದಳು. ಗಡಿಯಾರ ಕಟ್ಟಿಕೊಳ್ಳುವುದೇ ಉತ್ತರ, ಅದನ್ನು ಕಣ್ಣಾರೆ ನೋಡಿಯೇ ಫಿಟ್ಟರ್ ಹೊರಡುತ್ತಾನೆ. ಪ್ಯಾನಲ್ಲಿನ ಗೆರೆಯ ಮೇಲೆ ಒಂದು ಸಣ್ಣ ಉದ್ದನೆಯ ಪಟ್ಟಿ ಬರೆದಳು. "ಈ ಪಟ್ಟಿ ಇರೋವಷ್ಟು ಹೊತ್ತು ಗಡಿಯಾರ ನಿಮ್ಮ ಕೈಮೇಲಿದೆ." ಕೆಳಗೆ ಇನ್ನೊಂದು ಜೋಡಿ: ಬಂದು ಕೇಳುವುದು, ಬಿಚ್ಚಿ ಕೊಡುವುದು. ನಿಜವಾಗಿ ಗಡಿಯಾರ ಕೊಡುವುದು ಹಾಗೇ ಇರಲಿ, ಜೊತೆಗೆ ಕೊಡುವಾಗಲೂ ತೆಗೆದುಕೊಳ್ಳುವಾಗಲೂ ಇಬ್ಬರೂ ಪರದೆಗೆ ಹೆಬ್ಬೆಟ್ಟು ಒತ್ತಲಿ ಎಂದಳು. ಮಲ್ಲಪ್ಪ ಕಾಗದದ ಮುಂದೆ ಬಹಳ ಹೊತ್ತು ನಿಂತ. ತನ್ನ ತೋಳು ಗೋಡೆಯ ಮೇಲೆ ಇಷ್ಟು ಚೆಂದ ಕಾಣಬಹುದೆಂದು ಅವನಿಗೆ ಗೊತ್ತಿರಲಿಲ್ಲ.

ಸುಖ ನಾಲ್ಕೇ ದಿನ. ಪ್ರೊಡಕ್ಷನ್ ಮ್ಯಾನೇಜರ್ ಹೇಮಂತ ಬಂದು ಮುಖ್ಯ ಕಚೇರಿಯ ಪತ್ರ ತೋರಿಸಿದ. ಕಾಯುವುದಕ್ಕೆ ಮಿತಿ ಬೇಕಂತೆ. ಮೂವತ್ತು ನಿಮಿಷದಲ್ಲಿ ಫಿಟ್ಟರ್ ಬಂದು ಕೇಳದಿದ್ದರೆ ಅವನು ಹೊರಗೆ ಬಂದಿದ್ದಾನೆಂದು ತಿಳಿದು ಕಂಪ್ಯೂಟರೇ ಪರವಾನಗಿ ಮುಗಿಸಬೇಕಂತೆ.

"ಎಲ್ಲಾ ಸಾಫ್ಟ್‌ವೇರಿನ್ಯಾಗೂ ಹಿಂಗ ಇರ್ತದ," ಎಂದ ಹೇಮಂತ. "ಉತ್ತರ ಬರದss ಹೋದ್ರ ಕಾರ್ಖಾನೆ ನಿಂತು ಬಿಡಬೇಕೇನು? ಮಲ್ಲಪ್ಪನವರ, ನಿಮಗ ಗೊತ್ತದ ನಾ ಯಾಕ ಹೇಳಾಕತ್ತೀನಿ ಅಂತ."

ಗೊತ್ತಿತ್ತು. ಕಾರ್ಖಾನೆಗೆಲ್ಲ ಗೊತ್ತಿತ್ತು. ಇಪ್ಪತ್ತಮೂರು ವರ್ಷದ ಹಿಂದೆ ಸುಬ್ಬರಾಯ ಎಂಬ ಫಿಟ್ಟರ್ ಆರನೇ ಹಂಡೆಗೆ ಇಳಿದು, ಕೆಲಸ ಮುಗಿಸಿ ಹೊರಗೆ ಬಂದ. ಅಷ್ಟರಲ್ಲಿ ಅವನ ಊರು ಶಹಾಬಾದಿನಲ್ಲಿ ಹೆಂಡತಿಗೆ ಹೆರಿಗೆ ಬೇನೆ ಎಂದು ಗೇಟಿಗೆ ಸುದ್ದಿ ಬಂತು. ಉಟ್ಟ ಬಟ್ಟೆಯಲ್ಲೇ ನಾಂಪಲ್ಲಿ ಸ್ಟೇಷನ್ನಿಗೆ ಓಡಿದ. ಗಡಿಯಾರ ಮಲ್ಲಪ್ಪನ ತೋಳಿನಲ್ಲೇ ಉಳಿಯಿತು. ಟಾರ್ಚ್ ಬಿಟ್ಟು ನೋಡಿದರು, ಒಳಗೆ ಯಾರೂ ಇಲ್ಲ. ಆಗಿನ್ನೂ ಪಾಳಿಯ ಉಸ್ತುವಾರಿಯಾಗಿದ್ದ ಹೇಮಂತ ಗುಂಡಿ ಒತ್ತೆಂದು ಕೂಗಾಡಿದ. ಮಲ್ಲಪ್ಪ ಒತ್ತಲಿಲ್ಲ, ಪಾಳಿ ಮುಗಿದರೂ ಕುರ್ಚಿ ಬಿಟ್ಟು ಏಳಲಿಲ್ಲ. ಮರುದಿನ ಬೆಳಿಗ್ಗೆ ಸುಬ್ಬರಾಯ ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿ, ಹೆಣ್ಣು ಮಗು, ಮತ್ತೆ ಅಯ್ಯೋ ನನ್ನ ಗಡಿಯಾರ ಎಂದ ಮೇಲೆಯೇ ಮಲ್ಲಪ್ಪ ಒತ್ತಿದ. ಹನ್ನೊಂದು ತಾಸು ಹಂಡೆ ನಿಂತು, ಒಳಗೆ ಹೋಗಬೇಕಾದ ಸರಕು ಕೆಟ್ಟಿತು. ಮಲ್ಲಪ್ಪನಿಗೆ ಮೆಮೊ ಸಿಕ್ಕಿತು. ಅದನ್ನು ಅವನು ಇನ್ನೂ ಟ್ರಂಕಿನಲ್ಲಿ ಇಟ್ಟಿದ್ದಾನೆ.

"ಕಣ್ಣಿಂದ ನೋಡಿದ ಮೇಲೂ ಯಾಕೆ ಒತ್ತಲಿಲ್ಲ, ಅಂಕಲ್?" ಎಂದು ಲಹರಿ ಆಮೇಲೆ ಕೇಳಿದಳು.

"ಒಂದು ಸಲ ಕಣ್ಣಿನ ಮ್ಯಾಲೆ ಬಿಟ್ರ ಎರಡನೇ ಸಲ ಅರ್ಧ ನೋಡ್ತೀವಿ. ಮೂರನೇ ಸಲ ನೋಡಂಗss ಇಲ್ಲ."

ಲಹರಿ ಗೋಡೆಯ ಕಾಗದದ ಕಡೆ ತಿರುಗಿದಳು. "ಮೂವತ್ತು ಕಡಿಮೆ ಆದ್ರೆ ಅರವತ್ತು ನಿಮಿಷ ಮಾಡಬಹುದಾ? ಒಳಗಿರೋನಿಗೆ ಹೊತ್ತು ಗೊತ್ತಾಗಲ್ವಾ, ಮುಗಿಯೋ ಮುಂಚೆ ಬರಬಹುದಲ್ಲ?"

"ಹೆಂಗ ಗೊತ್ತಾಗಬೇಕು? ಅವನ ಗಡಿಯಾರ ನನ್ನ ಕೈಯಾಗ ಐತಲ್ಲ."

ಅವಳು ಥಟ್ಟನೆ ಅವನ ಮುಖ ನೋಡಿದಳು. ಹೇಳಿದ ಮಲ್ಲಪ್ಪನಿಗೇ ತಾನು ಏನು ಹೇಳಿದೆನೆಂದು ಆಮೇಲೆ ಹೊಳೆಯಿತು. ಇಷ್ಟು ವರ್ಷದಲ್ಲಿ ಒಂದು ದಿನವೂ ಅವನು ಅದನ್ನು ಆ ಕಡೆಯಿಂದ ಯೋಚಿಸಿರಲಿಲ್ಲ.

"ನಾನು ಒಳಗೆ ಹೋಗಿ ನೋಡ್ತೀನಿ," ಎಂದಳು ಲಹರಿ.

ಒಪ್ಪಿಸಲು ಎರಡು ದಿನ ಹಿಡಿಯಿತು. ನಾಲ್ಕನೇ ಹಂಡೆಯ ಮೋಟಾರಿನ ಫ್ಯೂಸ್ ತೆಗೆದರು, ಒಳಗೆ ಗಾಳಿ ಬಿಟ್ಟರು, ಉಸಿರಾಟಕ್ಕೆ ಯೋಗ್ಯವೇ ಎಂದು ಅಳೆದರು, ಅವಳ ನಡುವಿಗೆ ಬೆಲ್ಟು ಕಟ್ಟಿದರು, ಹಂಡೆಯ ಬಾಯಲ್ಲಿ ಶರಣಕುಮಾರ ಕಾವಲು ನಿಂತ. ಇಳಿಯುವ ಮುಂಚೆ ಲಹರಿ ಪ್ಯಾನಲ್ ರೂಮಿಗೆ ಬಂದು ತನ್ನ ಸ್ಮಾರ್ಟ್‌ವಾಚ್ ಬಿಚ್ಚಿ ಕೊಟ್ಟಳು. ಅವಳ ಎದುರಿಗೆ ಮಲ್ಲಪ್ಪ ಅದನ್ನು ಕಟ್ಟಿಕೊಂಡ. ಪಟ್ಟಿ ಚಿಕ್ಕದು, ಕೊನೆಯ ತೂತಿಗೆ ಕಷ್ಟಪಟ್ಟು ಬಂತು. "ಹದಿನೈದು ನಿಮಿಷ ಆಯ್ತು ಅನಿಸಿದಾಗ ಬರ್ತೀನಿ. ಯಾರೂ ಕರೀಬೇಡಿ," ಎಂದು ಹೋದಳು.

ಆ ಗಡಿಯಾರ ಸುಮ್ಮನಿರುವ ಜಾತಿಯದಲ್ಲ. ಐದು ನಿಮಿಷಕ್ಕೊಮ್ಮೆ ಅವನ ಮಣಿಕಟ್ಟಿನ ಮೇಲೆ ಗುರ್ ಎನ್ನುತ್ತಿತ್ತು. ಅಮ್ಮ, ಊಟ ಆಯ್ತಾ ಎಂದು. ಯಾವುದೋ ಬ್ಯಾಂಕು, ಸಾಲ ಬೇಕೇ ಎಂದು. ಎಲ್ಲ ತೆರೆದ ತಲೆಯ ಬಾಣಗಳು, ಬಂದು ಬೀಳುತ್ತಿದ್ದವು, ಕಳಿಸಿದವರು ಯಾರೂ ನಿಂತಿರಲಿಲ್ಲ. ನಿಂತಿದ್ದವನು ಮಲ್ಲಪ್ಪ ಒಬ್ಬನೇ. ಹದಿನೈದು ದಾಟಿತು. ಇಪ್ಪತ್ತೈದು ದಾಟಿತು. ಮೂವತ್ತಾದಾಗ ಅವನ ಕಣ್ಣು ತಾನಾಗಿ ನಾಲ್ಕನೇ ಗುಂಡಿಯ ಕಡೆ ಹೋಯಿತು. ಫ್ಯೂಸ್ ಇಲ್ಲವೆಂದು ಗೊತ್ತಿದ್ದೂ ಸ್ಟೂಲನ್ನು ಅದರಿಂದ ಹಿಂದಕ್ಕೆ ಸರಿಸಿಕೊಂಡ. ಮೂವತ್ತನಾಲ್ಕಕ್ಕೆ ಲಹರಿ ಬೆವರು ಒರೆಸಿಕೊಳ್ಳುತ್ತ ಬಾಗಿಲಿಗೆ ಬಂದಳು.

"ಬೇಗ ಬಂದ್ನಾ? ಹನ್ನೆರಡು ನಿಮಿಷ ಆಗಿರಬೇಕು," ಎಂದು ಕೈ ಚಾಚಿದಳು.

ಮಲ್ಲಪ್ಪ ಗಡಿಯಾರವನ್ನು ಅವಳ ಕಡೆ ತಿರುಗಿಸಿ ತೋರಿಸಿದ. ಅವಳು ನೋಡಿದಳು. ಗೋಡೆಯ ಹತ್ತಿರ ಹೋಗಿ, ಮೂವತ್ತು ನಿಮಿಷ ಎಂದು ಬರೆದದ್ದನ್ನು ಅಡ್ಡ ಗೀಟು ಹಾಕಿ ಹೊಡೆದಳು.

ಹೇಮಂತ ಅಷ್ಟು ಸುಲಭಕ್ಕೆ ಬಗ್ಗುವವನಲ್ಲ. ಹಾಗಾದರೆ ಸುಬ್ಬರಾಯನಂಥವರು ಊರಿಗೆ ಓಡಿದರೆ ಯಾರು ಹೊಣೆ ಎಂದು ಒಂದು ತಾಸು ವಾದ ಮಾಡಿದ. "ಕಟ್ಟಿಕೊಂಡವನೇ ಬಿಚ್ಚಬೇಕು, ಇಲ್ಲವೇ ಮುಂದಿನವನ ಕೈಗೆ ದಾಟಿಸಬೇಕು, ಮೂರನೇ ದಾರಿ ನಾನು ಬರೆಯಲ್ಲ ಸರ್," ಎಂದಳು ಲಹರಿ. "ಬೇಕೇಬೇಕು ಅಂದ್ರೆ ನೀವು ಮುಖ್ಯ ಕಚೇರಿಗೆ ಫೋನ್ ಮಾಡಿ ಅವರಿಂದ ಆ ತಡೆ ತೆಗೆಸಬಹುದು. ನಿಮ್ಮ ಹೆಸರು ದಾಖಲಾಗುತ್ತೆ." ಹೇಮಂತ ಹಂಡೆಯ ಮೂವತ್ತನಾಲ್ಕು ನಿಮಿಷದ ವಿಷಯ ಇನ್ನೊಮ್ಮೆ ಕೇಳಿಸಿಕೊಂಡು, ಮುಖ ಗಂಟಿಕ್ಕಿಕೊಂಡೇ ಸಹಿ ಹಾಕಿದ. ಮೇ ತಿಂಗಳಲ್ಲಿ ಹೊಸ ಪದ್ಧತಿ ಶುರುವಾಯಿತು. ಲಹರಿ ಬೇರೆ ಕೆಲಸಕ್ಕೆ ನಾಚಾರಂ ಕಡೆ ಹೋದಳು. ಆದರೂ ಮಲ್ಲಪ್ಪನಿಗೆ ಸಮಾಧಾನವಿರಲಿಲ್ಲ. ತಾನಿರುವವರೆಗೆ ಕಾಯುತ್ತಾರೆ ಸರಿ, ತಾನು ಎದ್ದು ಹೋದ ಮೇಲೆ?

ಜೂನ್ ಕೊನೆಯ ದಿನ ವಿಶಾಲಾಕ್ಷಿ ಹಟ ಹಿಡಿದು ತುಂಬುತೋಳಿನ ಹೊಸ ಅಂಗಿ ಹಾಕಿಸಿದಳು. ಬೆಳಿಗ್ಗೆ ಶರಣಕುಮಾರ ಗಡಿಯಾರ ಕೊಟ್ಟು ಆರನೇ ಹಂಡೆಗೆ ಇಳಿದ. ಮಧ್ಯಾಹ್ನ ಹೊರಗೆ ಬಂದದ್ದೇ ತಡ, ಮಾಲೆ ತರಲು ಅವನನ್ನು ಬೈಕಿನಲ್ಲಿ ಓಡಿಸಿದರು. ಎರಡೂವರೆಗೆ ಹೊಸ ಆಪರೇಟರ್ ಕೌಶಲ್‌ನನ್ನು ಪ್ಯಾನಲ್ಲಿನಲ್ಲಿ ಕೂರಿಸಿ, ಮಲ್ಲಪ್ಪನನ್ನು ಎಬ್ಬಿಸಿಕೊಂಡು ಸಭೆಗೆ ಕರೆದೊಯ್ದರು. ಶಾಲು, ಸಮೋಸ, ಎರಡು ಭಾಷಣ. ಉಡುಗೊರೆಯಾಗಿ ಒಂದು ಗೋಡೆ ಗಡಿಯಾರ, ಅದನ್ನು ಆರಿಸಿದವರ ಬುದ್ಧಿಗೆ ಏನು ಹೇಳುವುದು. ನಾಲ್ಕಕ್ಕೆ ಕಾರಿನಲ್ಲಿ ಶಾಪೂರನಗರದ ಮನೆಗೆ ಬಿಟ್ಟುಹೋದರು.

ಚಹಾ ಕುಡಿದು, ನೆಂಟರನ್ನು ಮಾತಾಡಿಸಿ, ಐದೂವರೆಗೆ ಮುಖ ತೊಳೆಯಲೆಂದು ತೋಳು ಮಡಚಿದ. ಎರಡು ಗಡಿಯಾರ.

ಅದೇ ಹೊತ್ತಿಗೆ ಫೋನ್ ಬಂತು. ಹೇಮಂತ. "ಮಲ್ಲಪ್ಪನವರ, ತೋಳು ಮಡಚಿ ನೋಡ್ಕೊಳ್ರಿ."

"ಅದನ್ನss ನೋಡಾಕತ್ತೀನ್ರಿ." ಮಲ್ಲಪ್ಪ ಆಗಲೇ ಚಪ್ಪಲಿ ಮೆಟ್ಟುತ್ತಿದ್ದ. "ಹಂಡೆ ಎಷ್ಟೊತ್ತಿನಿಂದ ನಿಂತೈತ್ರಿ?"

"ಮೂರು ತಾಸಾತು. ಸಭೆಯ ಗದ್ದಲದಾಗ ಗಡಿಯಾರ ನಿಮ್ಮ ತೋಳಿನ್ಯಾಗss ಹೋಗೇದ ಅಂತ ಈಗ ಹೊಳೀತು."

"ಶರಣ?"

"ನನ್ನ ಮುಂದss ಕೂತು ಚಹಾ ಕುಡಿಯಾಕತ್ತಾನ. ಕೌಶಲ್ ಗುಂಡಿ ಮುಟ್ಟವೊಲ್ಲ. ಗಡಿಯಾರ ಎಲ್ಲಿ ಅಂತಾನ, ಬ್ಯಾರೆ ಮಾತಿಲ್ಲ."

"ಮುಖ್ಯ ಕಚೇರಿಗೆ ಫೋನ್ ಮಾಡಿ ತೆಗಸಬಹುದಿತ್ತಲ್ರಿ."

ಹೇಮಂತ ಹೇಳಿದ. "ಮಾಡ್ಲಿಲ್ಲ. ನೀವು ಬರ್ರಿ."

ಮಲ್ಲಪ್ಪ ಆಟೋದಲ್ಲಿ ಹೋದ. ಪ್ಯಾನಲ್ ರೂಮಿನಲ್ಲಿ ಕೌಶಲ್ ಎರಡೂ ಕೈ ಮಡಿಲಲ್ಲಿಟ್ಟುಕೊಂಡು ಗುಂಡಿಗಳ ಮುಂದೆ ಕೂತಿದ್ದ. ಶರಣಕುಮಾರ ಎದ್ದು ಬಂದು ಮಾತಾಡದೆ ಕೈ ಚಾಚಿದ. ಮಲ್ಲಪ್ಪ ಮಾತಾಡದೆ ಬಿಚ್ಚಿ ಕೊಟ್ಟ. ಇಬ್ಬರೂ ಹೆಬ್ಬೆಟ್ಟು ಒತ್ತಿದರು. ಪರದೆಯ ಮೇಲೆ ಆರನೇ ಹಂಡೆಯ ಪಟ್ಟಿ ಮುಗಿಯಿತು. ಕೌಶಲ್ ತನ್ನ ತೋಳನ್ನೊಮ್ಮೆ ನೋಡಿಕೊಂಡು ಗುಂಡಿ ಒತ್ತಿದ. ಭೋಂಗಾ ಕೂಗಿ, ರೆಕ್ಕೆ ತಿರುಗತೊಡಗಿತು.

"ಮೆಮೊ ಯಾರಿಗ್ರಿ ಈ ಸಲ?" ಎಂದ ಮಲ್ಲಪ್ಪ.

"ಕೊಡೋದಾದ್ರ ನಿಮಗss ಕೊಡಬೇಕು," ಎಂದ ಹೇಮಂತ. "ಆದರ ನೀವು ನಾಲ್ಕು ಗಂಟೆಯಿಂದ ನಮ್ಮ ನೌಕರರಲ್ಲ."

ಎಲ್ಲರೂ ನಕ್ಕರು. ಈ ಸಲ ಮಲ್ಲಪ್ಪನೂ ನಕ್ಕ, ನಗುತ್ತ ನಗುತ್ತ ಕಣ್ಣು ತುಂಬಿ ಬಂತು, ಒರೆಸಿಕೊಳ್ಳಲಿಲ್ಲ. ಅಂದು ಸುಬ್ಬರಾಯನಿಗಾಗಿ ಹನ್ನೊಂದು ತಾಸು ಕಾದದ್ದು ಇವನೊಬ್ಬನ ಹಟ. ಇವತ್ತು ಇವನಿರಲಿಲ್ಲ, ಆದರೂ ಕಾದಿದ್ದರು, ಅದೂ ಇವನಿಗಾಗಿ. ಶಾಲಿಗಿಂತ, ಭಾಷಣಕ್ಕಿಂತ ಇದು ಅವನಿಗೆ ದೊಡ್ಡದಾಗಿ ಕಂಡಿತು.

ಗೇಟಿನ ಹೊರಗೆ ನಿಂತು ಫೋನ್ ತೆಗೆದು ಲಹರಿಗೆ ಧ್ವನಿ ಸಂದೇಶ ಕಳಿಸಿದ. "ತಾಯಿ, ಮೂರು ತಾಸು ಕಾಯ್ದಾರ. ಶರಣ ಎದುರಿಗೆ ಕೂತಿದ್ರೂ ಕಾಯ್ದಾರ. ಇದು ತೆರದ ತಲಿ ಬಾಣ, ಉತ್ತರ ಬ್ಯಾಡ." ಫೋನನ್ನು ಜೇಬಿಗೆ ಹಾಕಿ, ಅಂಗಿಯ ತೋಳು ಇಳಿಬಿಟ್ಟು, ಮನೆಯ ಕಡೆಗೆ ಆಟೋ ಹತ್ತಿದ.